ನಡುಮನೆಯ ಅಳತೆ

ಆದರೆ ಆ ದಿನ ಹಗ್ಗದ ನಡುವಿಗೆ ಹಿಮ್ಮಡಿ ಊರಿ ನಿಂತವಳು ನಾನೇ ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತಿದ್ದೇನೆ? ಸಗಣಿ ಸಾರಿಸಿದ ನೆಲದ ತಂಪು ಅಂಗಾಲಿಗೆ ತಾಗಿದ್ದು ನೆನಪಿದೆ ಎನ್ನುತ್ತೇನೆ. ಆ ನೆಲದ ಮೇಲೆ ಹುಟ್ಟಿದಾಗಿನಿಂದ ಬರಿಗಾಲಲ್ಲಿ ಓಡಾಡಿದವಳು ನಾನು. ಆ ತಂಪು ಯಾವ ದಿನದ್ದೂ ಆಗಿರಬಹುದು. ನಮ್ಮ ಪಂಚಾಯ್ತಿ ನಡೆಸಿದ ನಂಜಪ್ಪನವರು ಸುಣ್ಣದಲ್ಲಿ ಅದ್ದಿದ ಬೆರಳಿನಿಂದ ನನ್ನ ಹಿಮ್ಮಡಿಯ ಹಿಂದೆ ಗೆರೆ ಎಳೆದದ್ದು ಕಣ್ಣಿಗೆ ಕಟ್ಟಿದಂತಿದೆ ಎನ್ನುತ್ತೇನೆ. ನನ್ನ ಬೆನ್ನ ಹಿಂದೆ ನಡೆದದ್ದು ನನ್ನ ಕಣ್ಣಿಗೆ ಕಟ್ಟಿದ್ದು ಹೇಗೆ? ಯಾರೋ ಹೇಳಿದ್ದನ್ನು ಕೇಳಿ ಕಟ್ಟಿಕೊಂಡ ಚಿತ್ರ ಇರಬೇಕು, ಅಥವಾ ಬಾಗಿಲಲ್ಲಿ ನಿಂತು ಬೇರೆ ಯಾರದೋ ಹಿಮ್ಮಡಿಯನ್ನು ನೋಡಿದ ಚಿತ್ರ. ಇಷ್ಟು ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ: ಹರದನಹಳ್ಳಿಯ ನಮ್ಮ ಮನೆ ಎರಡು ಪಾಲಾದ ದಿನ, ನಡುಮನೆಯ ನಟ್ಟನಡು ಯಾವುದು ಎಂದು ಗುರುತು ಮಾಡಲು ಒಂದು ಮಗುವನ್ನು ನಿಲ್ಲಿಸಿದ್ದರು. ಆ ಮಗುವಿನ ಹಿಮ್ಮಡಿ ಇದ್ದಲ್ಲಿ ಗೋಡೆ ಎದ್ದಿತು. ನಮ್ಮ ಅಜ್ಜಿ ಯಾರ ಮನೆಯಲ್ಲಿ ಉಣ್ಣಬೇಕು, ಯಾರ ಮನೆಯಲ್ಲಿ ಸಾಯಬೇಕು ಎಂಬುದನ್ನು ಆ ಗೋಡೆ ತೀರ್ಮಾನಿಸಿತು.

ಇದನ್ನೆಲ್ಲ ಈಗ ಕೆದಕಿದ್ದು ಒಂದು ಫೋನು. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ನನ್ನ ಹತ್ತಿರ ಕನ್ನಡ ಓದಿದ ಹುಡುಗಿಯೊಬ್ಬಳು ಈಗ ತಾನೂ ಟೀಚರಾಗಿದ್ದಾಳೆ. ಮಕ್ಕಳಿಗೆಂದು ಒಂದು ಸಣ್ಣ ಪದಕೋಶ ಕಟ್ಟುತ್ತಿದ್ದಾಳೆ.

“ಮೇಡಂ, ‘ನಡುವಣ’ ಅನ್ನೋ ಪದ ಬಂದಿದೆ. ಎರಡರ ಮಧ್ಯೆ ಇರೋದು ಅನ್ನೋ ಅರ್ಥ. ಅದಕ್ಕೆ ಸಮಾನ ಪದ ಬೇಕು, ಒಂದೊಂದಕ್ಕೂ ಒಂದೊಂದು ವಾಕ್ಯ ಬೇಕು. ನಿಮಗೇನು, ಅರ್ಧ ಗಂಟೆ ಕೆಲಸ.”

ಮೂರು ವಾರ ಹಿಡಿಯಿತು. ಪದಗಳು ಬೇಗನೆ ಬಂದವು: ನಡುವಿನ, ಮಧ್ಯದ, ಎಡೆಯ, ಸಂದಿನ, ಮಧ್ಯಂತರ, ಮಧ್ಯಸ್ಥ. ತೊಂದರೆ ಕೊಟ್ಟದ್ದು ವಾಕ್ಯಗಳು. ‘ನಡುವಣ’ಕ್ಕೆ ‘ಎರಡು ಊರುಗಳ ನಡುವಣ ರಸ್ತೆ’ ಎಂದು ಬರೆಯಲು ಕೂತವಳು ‘ಎರಡು ಮನೆಗಳ ನಡುವಣ ಗೋಡೆ’ ಎಂದು ಬರೆದು ಹೊಡೆದುಹಾಕಿದೆ. ‘ಮಧ್ಯಸ್ಥ’ ಎಂದರೆ ಎರಡೂ ಕಡೆಗೆ ಸೇರದೆ ನಡುವೆ ನಿಂತು ನ್ಯಾಯ ಹೇಳುವವನು ಎಂದು ಬರೆದೆ. ಬರೆಯುವಾಗ ನಂಜಪ್ಪನವರ ಎಲೆಯಡಿಕೆಯ ಬಾಯಿ ಕಂಡಿತು. ಸಂದು, ಎಡೆ ಎರಡೂ ಒಂದೇ ಎಂದು ನಿಘಂಟು ಹೇಳುತ್ತದೆ. ನಮ್ಮ ಮನೆಯಲ್ಲಿ ಒಂದೇ ಆಗಿರಲಿಲ್ಲ. ಕೈ ತೂರುವಷ್ಟು ಜಾಗವಿದ್ದರೆ ಸಂದು. ಮನುಷ್ಯರು ಕೂರುವಷ್ಟು ಇದ್ದರೆ ಮಾತ್ರ ಎಡೆ. “ಅಲ್ಲಿ ಎಡೆ ಅದ, ಕೂತ್ಕ” ಎನ್ನುತ್ತಿದ್ದರು, ಸಂದಿನಲ್ಲಿ ಕೂತ್ಕ ಎಂದು ಯಾರೂ ಯಾರಿಗೂ ಹೇಳಿದ್ದಿಲ್ಲ. ‘ಮಧ್ಯಂತರ’ ಎಂಬ ಪದವಂತೂ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಆದರೂ ಹನ್ನೆರಡೋ ಹದಿನಾಲ್ಕೋ ದಿನ ನಾವೆಲ್ಲ ಅದರೊಳಗೇ ಬದುಕಿದ್ದೆವು.

ಮನೆ ಹೇಗಿತ್ತು ಎಂದು ಹೇಳಬೇಕು. ಮುಂದೆ ಜಗುಲಿ, ಒಳಗೆ ಉದ್ದನೆಯ ನಡುಮನೆ, ಅದರ ಮೂಡಲ ಬದಿಗೆ ಅಪ್ಪ ಅವ್ವನ ಕೋಣೆ, ಪಡುವಲ ಬದಿಗೆ ಚಿಕ್ಕಪ್ಪ ಚಿಕ್ಕವ್ವನ ಕೋಣೆ, ಹಿಂದೆ ಅಡುಗೆಮನೆ, ಹಿತ್ತಿಲು. ಮೇಲೆ ನಾಡಹಂಚು. ನಡುಮನೆಯ ತೊಲೆಯನ್ನು ಹೊತ್ತಿದ್ದ ಕಂಬ ಒಂದೇ ಒಂದು. ಅದನ್ನು ನಡುಗಂಬ ಎನ್ನುತ್ತಿದ್ದೆವು. ನೋಡಿದವರಿಗೆ ಅದು ಮನೆಯ ಸರಿಯಾದ ನಡುವಿನಲ್ಲಿದೆ ಎನಿಸುತ್ತಿತ್ತು. ಅಜ್ಜಿ ಅದಕ್ಕೆ ಒರಗಿ ಕೂರುತ್ತಿದ್ದಳು. ಅವಳ ತಲೆಯ ಹರಳೆಣ್ಣೆ ಹತ್ತಿ ಕಂಬದಲ್ಲಿ ಒಂದು ಕಪ್ಪು ಮಚ್ಚೆ ಆಗಿತ್ತು. ಉಳಿದ ಜಾಗವೆಲ್ಲ ರೇಷ್ಮೆ ಹುಳುವಿನದು. ವರ್ಷದಲ್ಲಿ ನಾಲ್ಕೈದು ಬೆಳೆ, ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೆ. ಮನುಷ್ಯರು ಉಳಿದ ಎಡೆಯಲ್ಲಿ ಓಡಾಡಬೇಕು. ಹುಳುಗಳು ಸೊಪ್ಪು ತಿನ್ನುವ ಸದ್ದು ತುಂತುರು ಮಳೆ ಹಂಚಿನ ಮೇಲೆ ಬಿದ್ದಂತೆ ಕೇಳುತ್ತಿತ್ತು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಾ ಬಂದಿದ್ದೇನೆ. ನಿಜವಾಗಿ ಹಾಗೆ ಕೇಳುತ್ತಿತ್ತೋ, ಎಲ್ಲರೂ ಹೇಳುವುದರಿಂದ ನನ್ನ ಕಿವಿಗೂ ಹಾಗೆ ಕೇಳತೊಡಗಿತೋ, ಪರೀಕ್ಷಿಸಲು ಈಗ ಹುಳುವೂ ಇಲ್ಲ, ಹಂಚೂ ಇಲ್ಲ.

ಅಜ್ಜಿಯ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಚಿಕ್ಕಪ್ಪನ ಮಗಳು ರತ್ನಿ ಮಲಗುತ್ತಿದ್ದೆವು. ನಾನು ಅವಳಿಗಿಂತ ಎಂಟು ತಿಂಗಳಿಗೆ ದೊಡ್ಡವಳು. ಅಜ್ಜಿಯ ಸೆರಗಿನ ಒಂದು ತುದಿ ನನ್ನ ಮುಷ್ಟಿಯಲ್ಲಿ, ಇನ್ನೊಂದು ತುದಿ ಅವಳ ಮುಷ್ಟಿಯಲ್ಲಿ. ಅಜ್ಜಿ ಯಾವ ಕಡೆಗೆ ಮಗ್ಗುಲಾದರೂ ಒಬ್ಬಳು ಅಳಬೇಕು. ಹೀಗಾಗಿ ಮುದುಕಿ ಅಂಗಾತವೇ ಮಲಗುತ್ತಿದ್ದಳು.

“ಮಗ್ಗುಲಾಗಕ್ಕೂ ಬುಡಲ್ವಲ್ಲ ಈ ಎರಡ್ ಪೀಡೆಗಳು. ಬೆನ್ನು ಹಲಗ ಆಗೋಯ್ತು ಕಣ್ರವ್ವ.”

ಜಗಳ ಯಾವುದಕ್ಕೆ ಶುರುವಾಯಿತು ಎಂಬುದಕ್ಕೆ ನನ್ನ ಬಳಿ ಎರಡು ಉತ್ತರಗಳಿವೆ, ಮೂರನೆಯದು ಸಿಗಲಿಲ್ಲ. ಅವ್ವ ಹೇಳುತ್ತಿದ್ದಂತೆ, ಚಿಕ್ಕವ್ವ ಮಂಜಿನಲ್ಲಿ ನೆಂದ ಸೊಪ್ಪನ್ನು ಒರೆಸದೆ ಹಾಕಿ ಎರಡು ತಟ್ಟೆ ಹುಳು ಸತ್ತವು. ಚಿಕ್ಕವ್ವ ಹೇಳುತ್ತಿದ್ದಂತೆ, ಹೊಲದಿಂದ ತಡವಾಗಿ ಬಂದ ಚಿಕ್ಕಪ್ಪನಿಗೆ ಬಸ್ಸಾರು ಉಳಿದಿರಲಿಲ್ಲ, ಬರೀ ಮುದ್ದೆ ಇತ್ತು, ಅವನು ಆ ಮುದ್ದೆಯನ್ನು ತಟ್ಟೆ ಸಮೇತ ಹಿತ್ತಿಲಿಗೆ ಎಸೆದ. ಅಪ್ಪ ಸಾಯುವತನಕ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಎರಡೂ ನಿಜವಿರಬಹುದು. ಚಿಕ್ಕವ್ವನ ಸೊಂಟದ ಮೇಲೆ ರತ್ನಿಯ ತಮ್ಮ, ಹೊಟ್ಟೆಯಲ್ಲಿ ಇನ್ನೊಂದು. ಬೆಳಗಿನ ಜಾವ ಸೊಪ್ಪು ಕೊಯ್ಯಲು ಹೋಗುವವಳೂ ಅವಳೇ. ಆ ದಿನಗಳಲ್ಲಿ ಅವಳು ನಿಂತಲ್ಲೇ ಕಣ್ಣು ಮುಚ್ಚಿ ಒಂದು ಗಳಿಗೆ ನಿದ್ದೆ ಮಾಡುವುದನ್ನು ನಾನು ನೋಡಿದ್ದೇನೆ. ಇದು ನನ್ನದೇ ನೆನಪು, ಇದನ್ನು ನನಗೆ ಯಾರೂ ಹೇಳಿಲ್ಲ.

ಪಾಲು ಆಗಲಿ ಎಂದು ತೀರ್ಮಾನವಾದಾಗ ಹುಳುಗಳು ನಾಲ್ಕನೇ ಜ್ವರಕ್ಕೆ ಹೋಗಿದ್ದವು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಅಲುಗದೆ ಕೂರುತ್ತದೆ. ಅದನ್ನೇ ಜ್ವರ ಎನ್ನುವುದು. ಹುಳು ಇರುವ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಹಾರೆ ಗುದ್ದಲಿ ಆಡಿಸುವಂತಿಲ್ಲ, ಗೋಡೆ ಎತ್ತುವ ಮಾತಂತೂ ಇಲ್ಲ. ಪಂಚಾಯ್ತಿ ಮಾಡಲು ಬಂದ ನಂಜಪ್ಪನವರು ಜಗುಲಿಯ ಮೇಲೆಯೇ ಕೂತು ಹೇಳಿದರು:

“ಗೂಡು ಬುಡಿಸ್ಕಳ್ರಪ್ಪ ಮೊದ್ಲು. ಉಳ ಏನ್ ಪಾಪ ಮಾಡಿತ್ತು? ಅಲ್ಲೀಗಂಟ ಒಲೆ ಮಾತ್ರ ಬ್ಯಾರೆ ಮಾಡ್ಕಳಿ.”

ಹಾಗಾಗಿ ಹುಳು ಜ್ವರದಿಂದ ಎದ್ದು, ಸೊಪ್ಪು ತಿಂದು, ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ಚಾಪೆಗೆ ಹತ್ತಿ ಗೂಡು ಕಟ್ಟುವವರೆಗೆ ನಮ್ಮ ಮನೆ ಒಂದೂ ಆಗಿರಲಿಲ್ಲ, ಎರಡೂ ಆಗಿರಲಿಲ್ಲ. ಅಡುಗೆಮನೆಯಲ್ಲಿ ಅವ್ವನ ಒಲೆ, ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಚಿಕ್ಕವ್ವನ ಒಲೆ. ಹುಳುವಿನ ಕೆಲಸ ಮಾತ್ರ ಒಟ್ಟಿಗೆ. ಒಬ್ಬರು ತಟ್ಟೆ ಎಳೆದು ಹಿಡಿಯಬೇಕು, ಇನ್ನೊಬ್ಬರು ಸೊಪ್ಪು ಹಾಕಬೇಕು. ಒಬ್ಬರಿಂದ ಆಗದ ಕೆಲಸ. ಅವ್ವ, ಚಿಕ್ಕವ್ವ ಒಂದೇ ತಟ್ಟೆಯ ಆ ತುದಿ ಈ ತುದಿ ಹಿಡಿದುಕೊಂಡು ನಮ್ಮಿಬ್ಬರ ಮೂಲಕ ಮಾತಾಡುತ್ತಿದ್ದರು.

“ಗೌರಿ, ನಿಮ್ ಚಿಕ್ಕವ್ವಂಗ ಯೋಳು, ಒಸಿ ಮ್ಯಾಕ ಎತ್ಲಿ ಅಂತ.”

“ರತ್ನಿ, ನಿಮ್ ದೊಡ್ಡವ್ವಂಗ ಯೋಳು, ನಂಗ ಕಿವಿ ಕ್ಯೋಳ್ತದ ಅಂತ.”

“ಕಿವಿ ಕ್ಯೋಳ್ದ್ರ ಯಾಕ ಎತ್ನಿಲ್ಲ ಅಂತ ಕ್ಯೋಳು.”

“ಎತ್ತಕ್ಕ ನಂಗೇನು ನಾಕ್ ಕಯ್ ಅದವಾ ಅಂತ ಕ್ಯೋಳು.”

ನಾವು ಒಂದು ಮಾತನ್ನೂ ದಾಟಿಸುವ ಅಗತ್ಯವಿರಲಿಲ್ಲ. ಸುಮ್ಮನೆ ನಡುವೆ ನಿಂತಿದ್ದರೆ ಸಾಕಿತ್ತು. ಒಂದು ಸಲ ರತ್ನಿ ನಕ್ಕುಬಿಟ್ಟಳು, ಅವಳ ಹಿಂದೆ ನಾನು. ಅವ್ವ ಚಿಕ್ಕವ್ವ ಇಬ್ಬರಿಗೂ ನಗು ಬಂದು ತುಟಿ ಕಚ್ಚಿಕೊಂಡು ಆಚೆ ಈಚೆ ಮುಖ ತಿರುಗಿಸಿದರು. ಆಗ ಅಜ್ಜಿ ಕಂಬದ ಬುಡದಿಂದ ಏನಾದರೂ ಅಂದಿದ್ದರೆ ಪಾಲೇ ಆಗುತ್ತಿರಲಿಲ್ಲವೇನೋ ಎಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಅದು ಕತೆಗಳಲ್ಲಿ ಆಗುವುದು.

ಆ ದಿನಗಳಲ್ಲಿ ದೊಡ್ಡವರು ತಮ್ಮ ತಮ್ಮ ಒಲೆಯದನ್ನೇ ಉಂಡರು. ಎರಡೂ ಕಡೆ ಉಂಡವರು ಮಕ್ಕಳು ಮತ್ತು ಅಜ್ಜಿ. ಬೆಳಗ್ಗೆ ಚಿಕ್ಕವ್ವ ಇಟ್ಟ ರೊಟ್ಟಿ, ಸಂಜೆ ಅವ್ವ ಇಟ್ಟ ಮುದ್ದೆ. ಎರಡು ಮನೆಯ ಉಪ್ಪಿನ ಹದವೂ ಬೇರೆ. ಚಿಕ್ಕವ್ವನ ಅಡುಗೆಗೆ ಅಜ್ಜಿ ಮೊದಲಿಂದಲೂ ಕೊಂಕು ತೆಗೆಯುತ್ತಿದ್ದಳು. ಈ ದಿನಗಳಲ್ಲಿ ಮಾತ್ರ ಎರಡೂ ಕಡೆ ಏನೂ ಅನ್ನದೆ ಉಂಡಳು. ಅವಳು ಎಲ್ಲಿರಬೇಕು ಎಂಬುದೇ ಪಾಲಿನ ಕೊನೆಯ ಗಂಟು. ಹೊಲ, ದನ, ಹುಳುವಿನ ತಟ್ಟೆ ಎಲ್ಲ ಸರಾಗವಾಗಿ ಹಂಚಿಹೋಗಿತ್ತು. ಅಪ್ಪ ಅಂದ:

“ಅವ್ವ ನನ್ ಜೊತೇಲಿರ್ಲಿ. ದೊಡ್ಡವ ನಾನು.”

“ದೊಡ್ಡವಾದ್ರ? ನಾನೂ ಅವಳೊಟ್ಟೇಲೇ ಉಟ್ಟಿರದು ಕಣಣ್ಣ,” ಎಂದ ಚಿಕ್ಕಪ್ಪ.

ನಂಜಪ್ಪನವರು ಎಲೆಗೆ ಸುಣ್ಣ ಸವರುತ್ತ ತೀರ್ಪು ಕೊಟ್ಟರು. ಕಂಬವನ್ನು ಪಾಲು ಮಾಡುವಂತಿಲ್ಲ. ನಡುಮನೆಯನ್ನು ಸರಿಯಾಗಿ ಅಳೆದು ಗೋಡೆ ಹಾಕಿ. ಕಂಬ ಯಾರ ಕಡೆಗೆ ಬರುತ್ತದೋ ಮುದುಕಿ ಅವರ ಕಡೆ. ಗೋಡೆ ಕಂಬದ ಮೇಲೇ ಬಂದರೆ ಮೂರು ತಿಂಗಳು ಅಲ್ಲಿ, ಮೂರು ತಿಂಗಳು ಇಲ್ಲಿ. ಇದು ನಮ್ಮ ಊರಿನ ಪದ್ಧತಿಯೋ, ನಂಜಪ್ಪನವರು ಆ ಗಳಿಗೆಯಲ್ಲಿ ಮಾಡಿದ ಪದ್ಧತಿಯೋ ನಾನು ಆಮೇಲೆ ಹಲವರನ್ನು ಕೇಳಿದ್ದೇನೆ. ಅರ್ಧ ಜನ ‘ಹೌದು, ಹಂಗೇಯ’ ಎಂದರು. ಇನ್ನರ್ಧ ಜನ ನಕ್ಕರು. ಆದರೆ ಆಗ ಜಗುಲಿಯಲ್ಲಿ ಕೂತಿದ್ದ ಯಾರೂ ಎದುರು ಮಾತಾಡಲಿಲ್ಲ. ಕಂಬ ನಟ್ಟನಡುವೆ ಇದೆ ಎಂದು ಎಲ್ಲರೂ ನಂಬಿದ್ದರು. ಹಾಗಾಗಿ ಅಜ್ಜಿ ಮೂರು ತಿಂಗಳಿಗೊಮ್ಮೆ ಅತ್ತಿತ್ತ ಆಗುತ್ತಾಳೆ ಎಂದೇ ಎಲ್ಲರ ಲೆಕ್ಕ. ನನ್ನ ಲೆಕ್ಕವೂ ಅದೇ. ಮೂರು ತಿಂಗಳು ಅಜ್ಜಿ ಇಲ್ಲದೆ ಮಲಗುವುದು ಹೇಗೆ ಎಂದು ಯೋಚಿಸಿ ನನಗೆ ಊಟ ಸೇರದಾಯಿತು. ಇದು ನನ್ನ ನೆನಪು. ಅವ್ವ ಮಾತ್ರ, ನೀನು ಆವಾಗ ಎರಡು ಮನೆಯದೂ ತಿಂದು ಕುಂಬಳಕಾಯಿ ಥರ ಆಗಿದ್ದೆ ಎನ್ನುತ್ತಿದ್ದಳು.

ಗೂಡು ಬಿಡಿಸಿ ಮೂಟೆ ಕಟ್ಟಿದ ಮಾರನೆಯ ಬೆಳಗ್ಗೆ ಅಳತೆ. ತಟ್ಟೆಗಳನ್ನೆಲ್ಲ ಹೊರಗೆ ಸಾಗಿಸಿದ ಮೇಲೆ ನಡುಮನೆ ನಮ್ಮದಲ್ಲವೆನ್ನುವಷ್ಟು ದೊಡ್ಡದಾಗಿ ಕಂಡಿತು; ಮಾತಾಡಿದರೆ ಗವ್ ಎನ್ನುತ್ತಿತ್ತು. ಬಾವಿಯ ಕತ್ತಾಳೆ ಹಗ್ಗ ತಂದರು. ಮೂಡಲ ಗೋಡೆಗೆ ಒಂದು ತುದಿ ಒತ್ತಿ ಹಿಡಿದು ಅಪ್ಪ, ಪಡುವಲ ಗೋಡೆಗೆ ಇನ್ನೊಂದು ತುದಿ ಹಿಡಿದು ಚಿಕ್ಕಪ್ಪ. ಆಮೇಲೆ ಆ ಹಗ್ಗವನ್ನು ಎರಡು ಮಡಿಕೆ ಮಾಡಿ, ಮಡಿಕೆಯ ಬುಡಕ್ಕೆ ಅರಿಸಿನ ಬಳಿದು, ಮತ್ತೆ ಬಿಗಿಯಾಗಿ ಎಳೆದು ಹಿಡಿದರು. ಅರಿಸಿನ ಇದ್ದಲ್ಲಿ ನೆಲಕ್ಕೆ ಗುರುತು ಹಾಕಬೇಕು. ನಂಜಪ್ಪನವರು ಸುತ್ತ ನೋಡಿದರು.

“ಎರಡೊಲೆ ಅನ್ನ ಉಂಡ ಮಗ ಒಂದು ನಿಂತ್ಕಳ್ಳಿ ಇಲ್ಲಿ. ದೊಡ್ಡವರ್ ಕಾಲು ಬ್ಯಾಡ, ದೊಡ್ಡವರ್ ಕಾಲಿಗ ಕಡೆ ಅದ.”

ನಾನು ಹೋಗಿ ನಿಂತೆ. ಹಿಮ್ಮಡಿ ಅರಿಸಿನದ ನೇರಕ್ಕೆ. ನನ್ನ ಬಲ ಮೊಳಕೈಗೆ ಕಂಬ ತಾಗುತ್ತಿತ್ತು, ಅಂದರೆ ಎಲ್ಲರೂ ಅಂದುಕೊಂಡಂತೆ ಕಂಬ ನಡುವಿನಲ್ಲೇ ಇತ್ತು. ಅಷ್ಟರಲ್ಲಿ ಗೋಡೆಗೆ ಇಟ್ಟಿಗೆ ಕೊಯ್ಯುವ ಮಣ್ಣು ಯಾರ ಹೊಲದ್ದು ಎಂದು ಅಪ್ಪ ಚಿಕ್ಕಪ್ಪನಿಗೆ ಮಾತು ಬೆಳೆಯಿತು. ಹಗ್ಗ ಸಡಿಲವಾಗಿ ನೆಲಕ್ಕೆ ಬಿತ್ತು. ನಂಜಪ್ಪನವರು ತೆಂಗಿನ ಚಿಪ್ಪಿನಲ್ಲಿ ಸುಣ್ಣ ಕಲೆಸಲು ಬಗ್ಗಿದರು. ಆಗ ನಾನು ಕಾಲನ್ನು ಪಡುವಲಿಗೆ, ಚಿಕ್ಕಪ್ಪನ ಕಡೆಗೆ, ಸರಿಸಿದೆ. ಒಂದು ಗೇಣು ಇರಬಹುದು. ಎತ್ತಿ ಇಡಲಿಲ್ಲ, ಜಾರಿಸಿದೆ. ಯಾಕೆ ಸರಿಸಿದೆ ಎಂದು ನನಗೆ ಆಗಲೂ ಗೊತ್ತಿತ್ತು. ಸುಣ್ಣದ ಗೆರೆ ಬಿದ್ದಿತು. ಕಂಬ ಪೂರಾ ನಮ್ಮ ಕಡೆ.

“ಇದೆಂಗಾದ್ದು? ಕಂಬ ನಡುವ್ಲೇ ಇತ್ತಲ್ಲ?” ಎಂದ ಚಿಕ್ಕಪ್ಪ.

“ಅಗ್ಗ ಇಡ್ದಿದ್ದವ ನೀನು. ನನ್ನೇನ್ ಕ್ಯೋಳೈ ಬುಡ್ಲಾ,” ಎಂದರು ನಂಜಪ್ಪನವರು.

ನಾಲ್ಕು ದಿನದಲ್ಲಿ ಗೋಡೆ ಎದ್ದಿತು. ಕಂಬಕ್ಕೂ ಹೊಸ ಗೋಡೆಗೂ ನಡುವೆ ಉಳಿದದ್ದು ಕೈ ತೂರುವಷ್ಟು ಸಂದು. ಅಜ್ಜಿ ಅದರಲ್ಲಿ ಊರುಗೋಲು ಸಿಕ್ಕಿಸುತ್ತಿದ್ದಳು. ಚಿಕ್ಕಪ್ಪ ಗೋಡೆಯ ಆಚೆಯಿಂದ ಒಂದೆರಡು ಸಲ “ಅವ್ವಾ, ಉಂಡ್ಯಾ?” ಎಂದು ಕೂಗಿದ್ದು ಕೇಳಿದ್ದೇನೆ. ಆಮೇಲೆ ಅದೂ ನಿಂತಿತು. ರತ್ನಿ ಹಿತ್ತಿಲಲ್ಲಿ ಎರಡು ಕೊಟ್ಟಿಗೆಗಳ ನಡುವಿನ ಓಣಿಗೆ ಬರುತ್ತಿದ್ದಳು. ಅಜ್ಜಿ ಅಲ್ಲಿ ಹೋಗಿ ಅವಳ ಜಡೆ ಬಿಚ್ಚಿ ಹೇನು ನೋಡುತ್ತಿದ್ದಳು. ಸ್ವಲ್ಪ ದಿನಕ್ಕೆ ರತ್ನಿಯೂ ಬರುವುದನ್ನು ಬಿಟ್ಟಳು. ಒಂದೇ ಸ್ಕೂಲು, ಒಂದೇ ಬೆಂಚು, ಮಾತಿಲ್ಲ. ನನ್ನ ಕಾಲು ಸರಿದದ್ದು ಅವಳಿಗೆ ಗೊತ್ತಾಗಿದೆ ಎಂದು ನಾನು ತಿಳಿದೆ. ಅಜ್ಜಿಯ ಪಕ್ಕದಲ್ಲಿ ಈಗ ನಾನೊಬ್ಬಳೇ ಮಲಗುತ್ತಿದ್ದೆ. ಅಜ್ಜಿ ಹಾಯಾಗಿ ಮಗ್ಗುಲಾಗಬಹುದಿತ್ತು. ಆದರೂ ಅಂಗಾತವೇ ಮಲಗುತ್ತಿದ್ದಳು. ಅಭ್ಯಾಸ ಇರಬೇಕು. ಅದಕ್ಕೆ ಇನ್ನೇನೋ ಅರ್ಥ ಹಚ್ಚುವ ಆಸೆ ನನಗೆ ಆಗಾಗ ಆಗುತ್ತದೆ, ತಡೆದುಕೊಳ್ಳುತ್ತೇನೆ.

ಪದಗಳ ಪಟ್ಟಿಯನ್ನು ಮುಗಿಸಿ ಕಳಿಸಿದ ವಾರವೇ ಬೇಗೂರಿನ ಬಸ್ಸು ಹತ್ತಿದೆ. ರತ್ನಿಯನ್ನು ಕೊಟ್ಟದ್ದು ಅಲ್ಲಿಗೆ. ಮದುವೆ, ತಿಥಿಗಳಲ್ಲಿ ಸಿಕ್ಕಾಗ ನಗುತ್ತೇವೆ, ಬಿಪಿ ಮಾತ್ರೆಯ ಹೆಸರು ವಿಚಾರಿಸಿಕೊಳ್ಳುತ್ತೇವೆ, ಅಷ್ಟೇ. ಅಂಗನವಾಡಿಯ ಕೆಲಸದಿಂದ ನಿವೃತ್ತಳಾಗಿ ಈಗ ಮಗನ ಹೊಲದ ಸಣ್ಣ ಈರುಳ್ಳಿ ಆರಿಸುತ್ತಾ ಜಗುಲಿಯಲ್ಲಿ ಕೂತಿರುತ್ತಾಳೆ. ನನ್ನನ್ನು ನೋಡಿ ಎದ್ದೇಳಲು ಹೋಗಿ, ಮಂಡಿ ಹಿಡಿದುಕೊಂಡು ಮತ್ತೆ ಕೂತಳು.

“ಏನಕ್ಕ, ಫೋನಿಲ್ಲ ಏನಿಲ್ಲ. ಯಾರಾರೂ ಓಗ್ಬುಟ್ರಾ?”

“ಯಾರೂ ಹೋಗಿಲ್ಲ. ನಿನ್ನ ಹತ್ತಿರ ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು.”

“ಅಯ್ಯೋ, ಟೀಚರ್ ತಪ್ ಮಾಡವ್ರಾ! ಕೂತ್ಕ ಮೊದ್ಲು. ಈರುಳ್ಳಿ ಮ್ಯಾಲ್ ಕೂತ್ಕಬ್ಯಾಡ.”

ನಾನು ಹೇಳಿದೆ. ಹಗ್ಗ, ಅರಿಸಿನ, ಹಿಮ್ಮಡಿ, ಗೇಣು, ಎಲ್ಲ. ಅವಳು ಈರುಳ್ಳಿ ಆರಿಸುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಒಂದು ಕೊಳೆತದ್ದನ್ನು ತೆಗೆದು ಅಂಗಳಕ್ಕೆ ಎಸೆದಳು.

“ನೀನ್ಯಾವಾಗ ನಿಂತಿದ್ದೆ? ನಿಂತಿದ್ದು ನಾನು.”

“ಏನು ಹೇಳ್ತಿದ್ದೀಯ?”

“ನೀ ಬಾಗ್ಲಲ್ಲಿ ನಿಂತ್ಕಂಡು ಕಡ್ಲೇಕಾಯಿ ತಿಂತಿದ್ದೆ. ಸಿಪ್ಪನೆಲ್ಲ ನಡುಮನಗೇ ಉಗೀತಿದ್ದೆ, ನಿಮ್ಮವ್ವ ಬೋದ್ಲು. ನಂಜಪ್ಪಯ್ಯ ನನ್ ರಟ್ಟ ಇಡ್ದು ನಿಲ್ಸುದ್ರು. ನಾ ಸಣ್ಣವಳಲ್ವ, ಅದ್ಕ.”

ಆಮೇಲೆ ಅವಳು ಹೇಳಿದ್ದು ಇಷ್ಟು. ಅವಳು ಹಿಮ್ಮಡಿ ಊರಿ ನಿಂತಾಗ ಅವಳ ಅವ್ವ, ನನ್ನ ಚಿಕ್ಕವ್ವ, ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಹಗ್ಗ ಸಡಿಲಾಗಿ ಗಂಡಸರು ಮಣ್ಣಿನ ವಿಚಾರಕ್ಕೆ ಕಿತ್ತಾಡುತ್ತಿದ್ದಾಗ ಮಗಳ ಕಣ್ಣಿಗೆ ಕಣ್ಣು ಸೇರಿಸಿ, ಗಲ್ಲದಿಂದ ಪಡುವಲ ಕಡೆಗೆ ಸನ್ನೆ ಮಾಡಿದಳು. ಈಚೆಗೆ, ನಮ್ಮ ಕಡೆಗೆ ಬಾ ಎಂದು. ರತ್ನಿ ಸರಿದಳು. ತಮ್ಮ ಪಾಲಿನ ನೆಲ ಒಂದು ಗೇಣು ಕಡಿಮೆಯಾದರೂ ಸರಿ, ಕಂಬ ಮಾತ್ರ ಬೇಡ ಎಂಬುದು ಅವಳ ಅವ್ವನ ಇರಾದೆ ಎಂದು ಅವಳಿಗೆ ಅರ್ಥವಾದದ್ದು ತಾನೂ ಸೊಸೆಯಾದ ಮೇಲೆ.

“ನಮ್ಮವ್ವನ ಬೈಬ್ಯಾಡ ಕಣಕ್ಕ. ಆಗ ಅವ್ಳು ಏಳ್ ತಿಂಗ್ಳ ಬಸ್ರಿ. ಅಜ್ಜಿ ಬಾಯಿ ನಿಂಗ ಗೊತ್ತಲ್ಲ. ಉಪ್ಪು ಜಾಸ್ತಿ, ಉಪ್ಪು ಕಮ್ಮಿ, ಉಪ್ಪು ಆಕಿದ್ಯಾ ಇಲ್ವಾ. ಆ ಬಾಣ್ತನದಲ್ಲಾದ್ರೂ ಯಾರೂ ಏನೂ ಅನ್ದಂಗ ಉಣ್ಬೇಕು ಅಂತ ಇತ್ತೇನೊ.”

“ನೀನು ಯಾಕೆ ನನ್ನ ಜೊತೆ ಮಾತು ಬಿಟ್ಟೆ ಮತ್ತೆ?”

“ಮೊಕ ಎಂಗ್ ತೋರ್ಸ್ಲಿ? ಅಜ್ಜಿನ ಅಟ್ಬುಟ್ಟವಳು ನಾನಲ್ವಾ? ಅವಳು ಓಣೀಲಿ ತಲ ಬಾಚಕ್ ಕೂತ್ಕಂಡ್ರ ನಂಗ ಅಳು ಬತ್ತಿತ್ತು. ಅದ್ಕೇ ಬರದ್ನೇ ಬುಟ್ಬುಟ್ಟೆ.”

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಹೊತ್ತುಕೊಂಡು ಬಂದ ತಪ್ಪನ್ನು ಅವಳು ನನ್ನ ಮಡಿಲಿಂದ ಕಿತ್ತುಕೊಂಡು ತನ್ನ ಮೊರದಲ್ಲಿ ಹಾಕಿಕೊಂಡಿದ್ದಳು. ಅದು ನನ್ನದು, ಅದರ ಮೇಲೆ ನನ್ನ ಎಷ್ಟೋ ಸ್ವಭಾವಗಳು ನಿಂತಿವೆ. ಎರಡು ಕಡೆಯವರ ಮಾತನ್ನೂ ಕೇಳಿ ಯಾವ ಕಡೆಗೂ ಹೇಳದೆ ಉಳಿಯುವುದು, ಮಕ್ಕಳ ಜಗಳದಲ್ಲಿ ತೀರ್ಪು ಕೊಡಲು ಹೆದರುವುದು, ಸ್ಟಾಫ್ ರೂಮಿನಲ್ಲಿ ನನಗೆ ‘ನಡುವಿನ ಮೇಡಂ’ ಎಂಬ ಅಡ್ಡಹೆಸರು ಬಂದದ್ದು, ಎಲ್ಲಕ್ಕೂ ಆ ಒಂದು ಗೇಣು ಕಾರಣ ಎಂದು ನನಗೆ ನಾನೇ ವಿವರಿಸಿಕೊಂಡಿದ್ದೆ. ಹುಡುಗಿಯರ ಹಾಗೆ ಜಗಳವಾಡಿದೆವು. ಅವಳು ಆವತ್ತು ಹಾಕಿದ್ದ ಹಸಿರು ಲಂಗದ ಗುರುತು ಹೇಳಿದಳು; ಆ ಲಂಗ ನನ್ನದು ಎಂದೆ. ಕಂಬ ತಾಗಿದ್ದು ಎಡ ಮೊಳಕೈಗೆ ಎಂದಳು, ಬಲಕ್ಕೆ ಎಂದೆ. ಎಡವೋ ಬಲವೋ ಎಂಬುದು ಯಾವ ಕಡೆಗೆ ಮುಖ ಮಾಡಿ ನಿಂತಿದ್ದರು ಎಂಬುದರ ಮೇಲೆ ಹೋಗುತ್ತದೆ. ಅದೂ ಇಬ್ಬರಿಗೂ ನೆನಪಿಲ್ಲ. ಅವಳ ಸೊಸೆ ಕಾಫಿ ತಂದಿಟ್ಟು, “ಏನತ್ತೆ, ಇಬ್ರೂ ನಾ ಮಾಡ್ದೆ ನಾ ಮಾಡ್ದೆ ಅಂತ ಕಿತ್ತಾಡ್ತಿದ್ದೀರಿ, ಎಲ್ರೂ ನಾ ಮಾಡಿಲ್ಲ ಅಂತ ಅಲ್ವಾ ಕಿತ್ತಾಡದು?” ಎಂದು ನಕ್ಕು ಒಳಗೆ ಹೋದಳು.

ಇನ್ನೊಂದು ದಿನ ಇಬ್ಬರೂ ಹರದನಹಳ್ಳಿಗೆ ಹೋದೆವು. ನಾನು ಟೇಪು ಒಯ್ದಿದ್ದೆ. ಮನೆ ಈಗ ಪೂರ್ತಿ ರತ್ನಿಯ ತಮ್ಮನದು. ಹಂಚು ಹೋಗಿ ತಾರಸಿ ಬಂದಿದೆ, ಕಂಬವನ್ನು ತೆಗೆಸಿಯಾಗಿದೆ. ಆದರೆ ಆ ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿ ಹಾಗೇ ಉಳಿಸಿಕೊಂಡಿದ್ದಾನೆ. ಅದರ ಮೇಲೆ ಟಿವಿ ಇದೆ.

“ಏನ್ ಅಳೀತಿದ್ದೀರಕ್ಕ? ಪಾಲ್ಗೀಲ್ ಕ್ಯೋಳಕ್ಕ ಬಂದ್ರಾ?” ಎಂದು ಅವನು ಪಕ್ಕಕ್ಕೆ ಕರೆದು ಕೇಳಿದ, ಅರ್ಧ ತಮಾಷೆಗೆ.

ಗೋಡೆ ನಡುವಿನಲ್ಲಿ ಇಲ್ಲದಿದ್ದರೆ ಯಾರೋ ಒಬ್ಬರ ಕಾಲು ಸರಿದದ್ದು ನಿಜ. ನಡುವಿನಲ್ಲೇ ಇದ್ದರೆ ಇಬ್ಬರದೂ ಕಲ್ಪನೆ. ಅಳೆಯುವ ಮುಂಚೆ ಹೀಗೆ ಮಾತಾಡಿಕೊಂಡಿದ್ದೆವು. ಜಗುಲಿಯ ತುದಿಯಲ್ಲಿ ಅಳೆದರೆ ಪಡುವಲ ಭಾಗ ಚಿಕ್ಕದು. ಹಿತ್ತಿಲ ತುದಿಯಲ್ಲಿ ಅಳೆದರೆ ಮೂಡಲ ಭಾಗ ಚಿಕ್ಕದು. ಗೋಡೆಯೇ ಓರೆ. ಕಟ್ಟಿದವನು ಓರೆ ಕಟ್ಟಿದನೋ, ಹಳೇ ಮನೆಯೇ ಓರೆಯಾಗಿತ್ತೋ ಹೇಳುವವರಿಲ್ಲ. ಪಡುವಲ ಹೊರಗೋಡೆಯನ್ನು ಬಾತ್‌ರೂಮಿಗಾಗಿ ಒಡೆದು ಮತ್ತೆ ಕಟ್ಟಿದ್ದೂ ಆಮೇಲೆ ತಿಳಿಯಿತು. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಇಬ್ಬರಲ್ಲಿ ಒಬ್ಬಳು ಅಜ್ಜಿಯನ್ನು ಬೇಕೆಂದು ಎಳೆದುಕೊಂಡಳು, ಅಥವಾ ಇನ್ನೊಬ್ಬಳು ಬೇಡವೆಂದು ತಳ್ಳಿದಳು. ಎರಡರಿಂದಲೂ ಏಳುವ ಗೋಡೆ ಒಂದೇ. ಯಾವುದೂ ನಡೆದಿಲ್ಲ, ಕಂಬವೇ ಮೊದಲಿನಿಂದ ಒಂದು ಗೇಣು ಈಚೆಗಿತ್ತು ಎಂಬುದೂ ಸಾಧ್ಯ.

ಬಸ್ಸಿಗೆ ಕಾಯುತ್ತಾ ನಿಂತಾಗ ರತ್ನಿ ಕೇಳಿದಳು:

“ಗೆರ ಎಳ್ದಾಗ ಅಜ್ಜಿ ಎ‌ಲ್ಲಿದ್ಲು, ಗ್ಯಾನ ಅದಾ?”

ನನಗೆ ಜ್ಞಾಪಕವಿತ್ತು, ಅವಳಿಗೂ ಇತ್ತು. ಇಬ್ಬರ ನೆನಪೂ ಸೇರಿದ್ದು ಇದೊಂದು ಕಡೆ. ಅಜ್ಜಿ ಹಿತ್ತಿಲಲ್ಲಿ ತಟ್ಟೆ ತೊಳೆಯುತ್ತಿದ್ದಳು. ಗೆರೆ ಬಿದ್ದ ಮೇಲೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ನೆಲದ ಮೇಲಿನ ಬಿಳಿ ಗೆರೆಯನ್ನು ನೋಡಿ ಅದನ್ನು ತುಳಿಯದ ಹಾಗೆ ನಿಂತಳು.

“ಎಲ್ಲಿ ಕೂತ್ಕಳ್ಳಿ, ಯೋಳ್ರಪ್ಪ.”

ನಂಜಪ್ಪನವರು ಸುಣ್ಣದ ಕೈಯಿಂದ ನಮ್ಮ ಕಡೆಗೆ ತೋರಿಸಿದರು. ಅಜ್ಜಿ ಬಂದು ಕೂತಳು. ನಿನಗೆ ಎಲ್ಲಿ ಕೂರಲು ಇಷ್ಟ ಎಂದು ಅಪ್ಪ ಕೇಳಲಿಲ್ಲ, ಚಿಕ್ಕಪ್ಪ ಕೇಳಲಿಲ್ಲ. ರತ್ನಿ ಓಣಿಯಲ್ಲಿ ತಲೆ ಬಾಚಿಸಿಕೊಂಡ ದಿನಗಳಲ್ಲಿ ಕೇಳಲಿಲ್ಲವಂತೆ. ನಾನು ಅದಾದ ಮೇಲೆ ಅಜ್ಜಿ ಸಾಯುವವರೆಗೂ ಅವಳ ಪಕ್ಕದಲ್ಲೇ ಮಲಗಿದೆ, ಅವಳಿಗೆ ಬೇಜಾರಾಗುವಷ್ಟು ಪ್ರಶ್ನೆ ಕೇಳಿದೆ, ಇದನ್ನು ಕೇಳಲಿಲ್ಲ. ಅವಳಿಗೆ ನಮ್ಮ ಮನೆ ಬೇಕಿತ್ತೋ, ಚಿಕ್ಕಪ್ಪನ ಮನೆ ಬೇಕಿತ್ತೋ, ಮೂರು ತಿಂಗಳಿಗೊಮ್ಮೆ ಅತ್ತಿತ್ತ ಆಗುವುದೇ ಬೇಕಿತ್ತೋ, ನನಗೆ ಗೊತ್ತಿಲ್ಲ.